ಹಗಲು ರಾತ್ರಿ ಸಮವಾಗುವ ದಿನ ಹೊಲದಲ್ಲಿ ಹಬ್ಬ ಮಾಡಬಹುದಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಬಾಗಲಕೋಟೆ ಕಡೆಯವರು. ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ಕೋಥರೂಡ್‌ನಲ್ಲಿ ಮನೆ. ಹೋದ ವರ್ಷ ಸಾಸವಡದ ಹತ್ತಿರ ಒಂದು ಎಕರೆ ಎರೆ ಹೊಲ ತಗೊಂಡಿದ್ದೇವೆ. ಈ ಸಲ 30 ಗುಂಟೆಗೆ ಸಜ್ಜೆ ಹಾಕಿದ್ದೇವೆ, ನಡುನಡುವೆ ತೊಗರಿ ಸಾಲು. ಉಳಿದ 10 ಗುಂಟೆ ಖಾಲಿ ಇದೆ. ಜತ್ ತಾಲೂಕಿನ, ಕನ್ನಡ ಮಾತಾಡುವ ಗಂಡ-ಹೆಂಡತಿ ಅಲ್ಲೇ ಇದ್ದು ನೋಡಿಕೊಳ್ಳುತ್ತಾರೆ. 2026ರ ಸೆಪ್ಟೆಂಬರ್ 23ಕ್ಕೆ ಹಗಲು ರಾತ್ರಿ ಸಮ ಅಂತೆ. ಅವತ್ತು ಹೊಲದಲ್ಲೇ ಹಬ್ಬ ಮಾಡೋಣ, ಸೀರಿಯಲ್ ಲೈಟ್ ಕಟ್ಟೋಣ, ರಾತ್ರಿ ಬೆಂಕಿ ಹಾಕಿಕೊಂಡು ಕೂರೋಣ ಅಂತ ಸೊಸೈಟಿಯ ಗೆಳೆಯರು ಹೇಳುತ್ತಿದ್ದಾರೆ. ಸುಮಾರು ನಲವತ್ತು ಜನ ಆಗಬಹುದು. ನಮ್ಮಲ್ಲಿ ಇಂಥ ಹಬ್ಬ ಇದೆಯಾ? ಮಾಡಿದರೆ ಹೇಗೆ? ಹೊಲದ ಕೆಲಸಕ್ಕೂ ಆ ದಿನಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಆ ದಿನವನ್ನು ಖಂಡಿತ ಗುರುತಿಸಿ. ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಒಂದು ಕೋಲು ನೆಟ್ಟು ನೆರಳು ಅಳೆಯಿರಿ, ಬುತ್ತಿ ಬಿಚ್ಚಿ ಉಂಡು ಬನ್ನಿ. ಮನೆಯವರಷ್ಟೇ ಸಾಕು. ನಲವತ್ತು ಜನರನ್ನು ಕರೆದು ಊಟ ಹಾಕುವ ಹಬ್ಬವನ್ನು ಮಾತ್ರ ಅಕ್ಟೋಬರ್ 25ರ ಶೀಗಿ ಹುಣ್ಣಿಮೆಗೆ ಇಟ್ಟುಕೊಳ್ಳಿ. ಸೆಪ್ಟೆಂಬರ್ 23ಕ್ಕೆ ನಿಮ್ಮ ಸಜ್ಜೆ ಕೊಯ್ಲಿಗೆ ಬಂದು ನಿಂತಿರುತ್ತದೆ, ಖಾಲಿ ಬಿಟ್ಟ ಹತ್ತು ಗುಂಟೆ ಜೋಳದ ಬಿತ್ತನೆಗೆ ಕಾಯುತ್ತಿರುತ್ತದೆ, ಮೇಲೆ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಆ ಹೊತ್ತಿನಲ್ಲಿ ಎರೆ ನೆಲದ ಮೇಲೆ ನಲವತ್ತು ಜನ ಓಡಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಇಂಥ ಹಬ್ಬ ಇದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ಅದು ತನ್ನ ಜಾಗದಿಂದ ಸರಿದುಹೋಗಿದೆ. ಹಗಲು ರಾತ್ರಿ ಸಮವಾಗುವುದಕ್ಕೆ ನಮ್ಮ ಹಳೆಯ ಹೆಸರು ವಿಷುವ. ತುಳುನಾಡಿನ ಬಿಸು, ಕೇರಳದ ವಿಷು ಎರಡೂ ಆ ಪದದಿಂದಲೇ ಬಂದವು. ಅವು ವಸಂತದ ವಿಷುವದ ಹಬ್ಬಗಳು. ಶರತ್ಕಾಲದ ವಿಷುವಕ್ಕೆ ಜೋಡಿಯಾಗಿ ಇದ್ದದ್ದು ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುತ್ತದಲ್ಲ, ಅದೇ. ಈಗ ಬಿಸು ಏಪ್ರಿಲ್ ಮಧ್ಯಕ್ಕೆ ಬರುತ್ತದೆ, ತುಲಾ ಸಂಕ್ರಮಣ ಅಕ್ಟೋಬರ್ 17ರ ಆಸುಪಾಸು. ನಿಜವಾದ ವಿಷುವಕ್ಕಿಂತ ಸುಮಾರು 24 ದಿನ ತಡ. ಭೂಮಿಯ ಅಕ್ಷ ಬುಗುರಿಯ ಹಾಗೆ ತೂಗಾಡುತ್ತಾ ತಿರುಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ನಮ್ಮ ಪಂಚಾಂಗ ನಕ್ಷತ್ರ ಹಿಡಿದು ಎಣಿಸುತ್ತದೆ. ಹಾಗಾಗಿ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಸಂಕ್ರಮಣ ಮುಂದಕ್ಕೆ ಜಾರುತ್ತಾ ಬಂದಿದೆ.

ಇನ್ನೊಂದು ಪಂಚಾಂಗವೂ ಇದೆ, ಅದರ ಕಡೆ ಯಾರೂ ಜಾಸ್ತಿ ನೋಡುವುದಿಲ್ಲ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿ 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ. ಅದರಲ್ಲಿ ಆಶ್ವಿನ ಮಾಸದ ಮೊದಲ ದಿನ ಪ್ರತಿ ವರ್ಷ ಸೆಪ್ಟೆಂಬರ್ 23. ಅಂದರೆ ಆಶ್ವಿನ ಮಾಸವನ್ನು ವಿಷುವಕ್ಕೇ ಕಟ್ಟಿಹಾಕಿದ್ದಾರೆ. ನನಗೆ ಇದು ತುಂಬಾ ಇಷ್ಟ. ಹೊಲದ ಡೈರಿ ಬರೆಯುವವರು ಈ ತಾರೀಖನ್ನು ಒಂದು ಗೂಟದ ಹಾಗೆ ಇಟ್ಟುಕೊಳ್ಳಬಹುದು. ಉಳಿದ ಹಬ್ಬಗಳೆಲ್ಲ ಚಂದ್ರನ ಜೊತೆ ಹಿಂದೆ ಮುಂದೆ ಆಗುತ್ತವೆ. 2025ರಲ್ಲಿ ವಿಷುವ ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಘಟಸ್ಥಾಪನೆಯೂ ಅದೇ ದಿನ. 2026ರಲ್ಲಿ ಅಧಿಕ ಜ್ಯೇಷ್ಠ ಬಂದದ್ದರಿಂದ ಘಟಸ್ಥಾಪನೆ ಅಕ್ಟೋಬರ್ 11ಕ್ಕೆ ಹೋಗಿದೆ, ವಿಷುವದ ದಿನ ಪುಣೆಯಲ್ಲಿ ಗಣಪತಿ ಇನ್ನೂ ಕೂತೇ ಇರುತ್ತಾನೆ.

ಈಗ ನೆರಳಿನ ವಿಷಯ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಸರಿಯಾಗಿ ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು ಬೇಕು, ನೆಲದ ಮೇಲೆ ಕಾಣುವಷ್ಟು ಭಾಗ ಒಂದು ಮೀಟರ್ ಇರಬೇಕು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ವಾಲಿಲ್ಲ ಅಂತ ನೋಡಿಕೊಳ್ಳಿ. ಸುತ್ತಲಿನ ನೆಲ ಕೈಯಿಂದ ತಟ್ಟಿ ಸಪಾಟು ಮಾಡಿ. ಹನ್ನೊಂದು ಗಂಟೆಯಿಂದ ಎರಡರವರೆಗೆ ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಹರಳು ಇಡಿಸಿ. ನೆರಳು ಸಣ್ಣದಾಗುತ್ತಾ ಬಂದು 12 ಗಂಟೆ 27 ನಿಮಿಷದ ಹೊತ್ತಿಗೆ ಅತಿ ಚಿಕ್ಕದಾಗುತ್ತದೆ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕೆ ಬಹಳ ದೂರ ಇರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಅದಕ್ಕೇ ನಮ್ಮಲ್ಲಿ ಸೂರ್ಯನ ನಡುಮಧ್ಯಾಹ್ನ ತಡ. ಆಗ ಅಳೆದರೆ ನೆರಳು ಸುಮಾರು 33 ಸೆಂಟಿಮೀಟರ್ ಬರಬೇಕು. ಸಾಸವಡ ಸಮಭಾಜಕದಿಂದ ಉತ್ತರಕ್ಕೆ 18 ಡಿಗ್ರಿಗಿಂತ ಸ್ವಲ್ಪ ಮೇಲಿದೆ, ವಿಷುವದ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಅಷ್ಟೇ ಡಿಗ್ರಿ ವಾಲಿರುತ್ತಾನೆ. ಅಂದರೆ ಒಂದು ಕೋಲು, ಒಂದು ಟೇಪು ಇಟ್ಟುಕೊಂಡು ಮಕ್ಕಳು ತಮ್ಮ ಹೊಲದ ಅಕ್ಷಾಂಶ ತಾವೇ ಕಂಡುಹಿಡಿದ ಹಾಗೆ.

ಎರಡು ಗಂಟೆಗೆ ಹರಳುಗಳ ಸಾಲು ನೋಡಿ. ವಿಷುವದ ದಿನ ಅವು ದಾರ ಹಿಡಿದ ಹಾಗೆ ನೇರ ಗೆರೆಯಲ್ಲಿ ಕೂರುತ್ತವೆ. ಬೇರೆ ತಿಂಗಳಲ್ಲಿ ಇದೇ ಸಾಲು ಬಿಲ್ಲಿನ ಹಾಗೆ ಬಾಗಿರುತ್ತದೆ. ಆ ನೇರ ಗೆರೆಯೇ ನಿಮ್ಮ ಹೊಲದ ಪಡುವಣ-ಮೂಡಣ. ಎರಡೂ ತುದಿಗೆ ದೊಡ್ಡ ಕಲ್ಲು ಹುಗಿದುಬಿಡಿ, ಮುಂದೆ ಗಿಡ ನೆಡುವಾಗ, ಸಾಲು ಹಾಕುವಾಗ, ಸೋಲಾರ್ ಪಂಪಿನ ಫಲಕ ಕೂರಿಸುವಾಗ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ 6.24ರ ಸುಮಾರಿಗೇ ಅಲ್ಲಿದ್ದರೆ ಸೂರ್ಯ ಯಾವ ಗುಡ್ಡದ ಯಾವ ತಗ್ಗಿನಿಂದ ಏಳುತ್ತಾನೆ ಅಂತ ಬದುವಿನ ಮೇಲೆ ನಿಂತು ಗುರುತು ಮಾಡಿಕೊಳ್ಳಿ. ಜೂನ್‌ನಲ್ಲಿ ಅವನು ಅಲ್ಲಿಂದ ಎಡಕ್ಕೆ 25 ಡಿಗ್ರಿ ಹೋಗಿರುತ್ತಾನೆ, ಡಿಸೆಂಬರ್‌ನಲ್ಲಿ ಬಲಕ್ಕೆ ಅಷ್ಟೇ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಹಾಗಾದರೆ ಆಚೆ ಎರಡೂವರೆ ಮುಷ್ಟಿ, ಈಚೆ ಎರಡೂವರೆ ಮುಷ್ಟಿ.

23 ಬುಧವಾರ, ಶಾಲೆ ಇರುತ್ತೆ ಅಲ್ವಾ. 25ಕ್ಕೆ ಅನಂತ ಚತುರ್ದಶಿ, ಪುಣೆಯ ವಿಸರ್ಜನೆ ಮೆರವಣಿಗೆ ಮುಗಿಯುವುದು ಮರುದಿನವೇ, ಊರು ದಾಟುವುದು ಕಷ್ಟ. ಹಾಗಾಗಿ 27ರ ಭಾನುವಾರ ಹೋಗಿ, ಏನೂ ಕಳೆದುಕೊಳ್ಳುವುದಿಲ್ಲ. ವಿಷುವದ ಕ್ಷಣ 23ರ ಬೆಳಿಗ್ಗೆ 5 ಗಂಟೆ 35 ನಿಮಿಷಕ್ಕೆ ಆಗಿಹೋಗಿರುತ್ತದೆ, ನಿಜ. ಆದರೆ ಅವತ್ತು ನಮ್ಮಲ್ಲಿ ಹಗಲು ರಾತ್ರಿ ಸಮ ಇರುವುದಿಲ್ಲ! ಸೂರ್ಯನ ಮೇಲಂಚು ಕಂಡ ತಕ್ಷಣ ಹಗಲು ಅಂತ ಎಣಿಸುತ್ತೇವೆ, ಗಾಳಿಯ ಪದರ ಬೆಳಕನ್ನು ಬಗ್ಗಿಸಿ ಸೂರ್ಯನನ್ನು ಸ್ವಲ್ಪ ಮೇಲೆತ್ತಿ ತೋರಿಸುತ್ತದೆ. ಎರಡೂ ಸೇರಿ ಅವತ್ತಿನ ಹಗಲು 12 ಗಂಟೆಗಿಂತ ಸುಮಾರು 7 ನಿಮಿಷ ಜಾಸ್ತಿ. ಈ ದಿನಗಳಲ್ಲಿ ಹಗಲು ದಿನಕ್ಕೆ ಒಂದು ನಿಮಿಷದಷ್ಟು ಕರಗುತ್ತದೆ. ಲೆಕ್ಕ ಹಾಕಿ, ಪುಣೆಯಲ್ಲಿ ಹಗಲು ರಾತ್ರಿ ನಿಜವಾಗಿ ಸರಿಸಮ ಬರುವುದು 29-30ರ ಹೊತ್ತಿಗೆ. 27ಕ್ಕೆ ನೆರಳು 36 ಸೆಂಟಿಮೀಟರ್ ಆಗಿರುತ್ತದೆ, ಹರಳಿನ ಸಾಲು ಬಹುಮಟ್ಟಿಗೆ ನೇರವೇ.

ದಿನಕ್ಕೆ ಒಂದು ನಿಮಿಷ ಏನು ಮಹಾ ಅಂತ ಅನಿಸಬಹುದು. ನಿಮ್ಮ ತೊಗರಿಗೆ ಅದು ದೊಡ್ಡ ಸುದ್ದಿ. ಹೊಲಕ್ಕೂ ಈ ದಿನಕ್ಕೂ ಏನು ಸಂಬಂಧ ಅಂತ ಕೇಳಿದಿರಲ್ಲ, ಅದರ ಉತ್ತರ ತೊಗರಿ ಸಾಲಿನಲ್ಲೇ ಇದೆ. ತೊಗರಿ ರಾತ್ರಿ ಎಣಿಸುವ ಗಿಡ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕತ್ತಲೆ ಎಷ್ಟು ಹೊತ್ತು ಇತ್ತು ಅಂತ ಗುರುತಿಸುತ್ತದೆ. ಜೂನ್ ಕೊನೆಗೆ ಬಿತ್ತಿದ ತೊಗರಿ ಮಳೆಗಾಲವೆಲ್ಲ ಬರೀ ಎಲೆ, ಟೊಂಗೆ ಬೆಳೆಸುತ್ತಾ ನಿಲ್ಲುತ್ತದೆ. ಕತ್ತಲೆ ಉದ್ದ ಆಗುತ್ತಾ ಬಂತು ಅಂದಾಗ ಮೊಗ್ಗು ಕಟ್ಟುವುದಕ್ಕೆ ಹೊರಡುತ್ತದೆ. ನಮ್ಮ ಜವಾರಿ ಅವರೆಯೂ ಹಾಗೇ, ಅದಕ್ಕೇ ಅವರೆಕಾಯಿ ಚಳಿಗಾಲದ ಕಾಯಿ. ಸೇವಂತಿಗೆಯೂ ಹಾಗೇ. ಸೇವಂತಿಗೆ ಬೆಳೆಯುವವರು ಹೂ ತಡವಾಗಲಿ ಅಂತ ರಾತ್ರಿ ತೋಟದಲ್ಲಿ ಬಲ್ಬ್ ಉರಿಸುತ್ತಾರೆ, ಕತ್ತಲೆ ನಡುವೆ ತುಂಡಾದರೆ ಗಿಡಕ್ಕೆ ರಾತ್ರಿ ಚಿಕ್ಕದು ಅನಿಸುತ್ತದೆ.

ಇದಕ್ಕೇ ನಿಮ್ಮ ಸೀರಿಯಲ್ ಲೈಟ್ ಬಗ್ಗೆ ನನಗೆ ಚಿಂತೆ. ಒಂದು ರಾತ್ರಿ ಹಚ್ಚಿ ಬಿಚ್ಚಿಟ್ಟರೆ ಏನೂ ಆಗುವುದಿಲ್ಲ. ಚೆಂದ ಕಾಣುತ್ತೆ ಅಂತ ದೀಪಾವಳಿಯವರೆಗೆ ಹಾಗೇ ಬಿಟ್ಟರೆ ಲೈಟಿನ ಪಕ್ಕದ ತೊಗರಿ ಸಾಲು ಹಸಿರಾಗಿ ಎತ್ತರಕ್ಕೆ ಬೆಳೆದು ಹೂ ತಡ ಮಾಡಬಹುದು. ಹೊಲದ ಮನೆಗೆ ಲೈಟ್ ಬೇಕೇ ಬೇಕು ಅಂದರೆ ಬಾಗಿಲ ಮುಂದೆ ಮಾತ್ರ, ಬೆಳಕು ನೆಲಕ್ಕೆ ಬೀಳುವ ಹಾಗೆ ಹಾಕಿಸಿ.

ಇನ್ನು ಸಜ್ಜೆ. ವಿಷುವದ ವಾರದಲ್ಲಿ ನಿಮ್ಮ ಮುಖ್ಯ ಕೆಲಸ ಇದೇ. ಒಂದು ತೆನೆಯಿಂದ ನಾಲ್ಕು ಕಾಳು ಬಿಡಿಸಿ ಅಂಗೈ ಮೇಲೆ ಇಟ್ಟು ನೋಡಿ. ಕಾಳಿನ ಬುಡದಲ್ಲಿ, ಅದು ತೆನೆಗೆ ಅಂಟಿಕೊಂಡಿದ್ದ ಜಾಗದಲ್ಲಿ, ಸೂಜಿ ಮೊನೆಯಷ್ಟು ಕಪ್ಪು ಚುಕ್ಕಿ ಕಂಡರೆ ಕಾಳು ಬಲಿತಾಯ್ತು, ಇನ್ನು ಗಿಡದಿಂದ ಅದಕ್ಕೆ ಏನೂ ಬರುವುದಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು, ನಡುವಿನ ಸಾಲು ಮೂರೂ ಕಡೆ ನೋಡಿ. ಚುಕ್ಕಿ ಬಂದಮೇಲೆ ಒಂದು ದಿನವೂ ಸುಮ್ನೆ ನಿಲ್ಲಿಸಬೇಡಿ. ಮಳೆ ಹಿಂದಕ್ಕೆ ಹೋಗುವಾಗ ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ನಾಲ್ಕು ಗಂಟೆಗೆ ಮೋಡ, ಐದಕ್ಕೆ ಗುಡುಗು. ಮರಾಠಿಯಲ್ಲಿ ಪರತೀಚಾ ಪಾವೂಸ್ ಅಂತಾರೆ, ಮರಳಿ ಹೋಗುವ ಮಳೆ. ಪುಣೆಯಿಂದ ಮುಂಗಾರು ಪೂರ್ತಿ ಕಾಲ್ತೆಗೆಯುವುದು ಸಾಮಾನ್ಯವಾಗಿ ಅಕ್ಟೋಬರ್ ಎರಡನೇ ವಾರದಲ್ಲಿ. ಅಷ್ಟರೊಳಗೆ ಬಲಿತ ತೆನೆ ಎರಡು ಸಲ ನೆನೆದರೆ ಕಾಳು ಕಪ್ಪಾಗುತ್ತದೆ, ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ತಾಡಪತ್ರಿ ಮೊದಲೇ ತಂದಿಟ್ಟುಕೊಳ್ಳಿ. ಕೊಯ್ಯುವ ಮೊದಲು ಹೊಲದ ನಡುವಿನ ಇಪ್ಪತ್ತು-ಮೂವತ್ತು ಒಳ್ಳೆಯ ತೆನೆಗೆ ಬಣ್ಣದ ದಾರ ಕಟ್ಟಿಸಿ. ಜವಾರಿ ತಳಿಯಾದರೆ ಅವೇ ಬೀಜಕ್ಕೆ, ಹೈಬ್ರಿಡ್ ಆದರೆ ಬೀಜಕ್ಕೆ ಇಡಬೇಡಿ. ತೆನೆಯಲ್ಲಿ ಕಾಳಿನ ಬದಲು ಉದ್ದಕ್ಕೆ ಕಪ್ಪು ಗಟ್ಟಿ ಕಡ್ಡಿಯಂಥದ್ದು ಚಾಚಿಕೊಂಡಿದ್ದರೆ ಅದು ಎರ್ಗಾಟ್ ರೋಗ. ಅಂಥ ತೆನೆ ಮನುಷ್ಯರಿಗೂ ದನಕ್ಕೂ ವಿಷ, ಬೇರೆ ತೆಗೆದು ಹೂಳಿಸಿ.

ಖಾಲಿ ಹತ್ತು ಗುಂಟೆಗೆ ಹಿಂಗಾರಿ ಜೋಳ ಹಾಕಿ. ಮಹಾರಾಷ್ಟ್ರದಲ್ಲಿ ಮಾಲದಂಡಿ ಅಂತ ಕರೆಯುವ ಎಂ 35-1 ತಳಿ ನಿಮಗೆ ಊರಿನಿಂದಲೇ ಪರಿಚಯ. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆರಿಸಿದ್ದು, ಇವತ್ತಿಗೂ ನಮ್ಮ ಕಡೆ ರೊಟ್ಟಿ ಅಂದರೆ ಇದೇ. ಬಿತ್ತುವ ಕಾಲ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15. ವಿಷುವ ಆ ಒಂದು ತಿಂಗಳ ಮೊದಲ ಅರ್ಧದಲ್ಲೇ ಬರುತ್ತದೆ. ಹತ್ತು ಗುಂಟೆಗೆ ಒಂದು ಕಿಲೋ ಬೀಜ ಸಾಕು, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಆಳ ಎರಡು-ಎರಡೂವರೆ ಇಂಚು. ಕಾಳು ಕಪ್ಪು ಪುಡಿಯಾಗುವ ಕಾಡಿಗೆ ರೋಗ ಬರಬಾರದು ಅಂದರೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಸವರಿಸಿ. ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕೈದು ದಿನ ಇಡಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಜೋಳದ ಸುತ್ತ ಬದುವಿನ ಕಡೆ ಎರಡು ಸಾಲು ಕುಸುಬೆ ಹಾಕಿಸಿ, ಮುಳ್ಳಿಗೆ ದನ ಒಳಗೆ ಬರುವುದಿಲ್ಲ.

ಎರೆ ನೆಲದಲ್ಲಿ ಎಲ್ಲಾ ನಿಂತಿರುವುದು ಹದದ ಮೇಲೆ. ಮುಂಗಾರಿನಲ್ಲಿ ಖಾಲಿ ಬಿಟ್ಟು ಕುಂಟೆ ಹೊಡೆಸಿದ ಹೊಲ ಮಳೆ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ, ಜೋಳ ಮುಂದೆ ನಾಲ್ಕು ತಿಂಗಳು ಅದನ್ನೇ ಕುಡಿದು ಬೆಳೆಯಬೇಕು. ನಾನು ಕೆಲವು ವರ್ಷಗಳ ಹಿಂದೆ ಇದೇ ತಾಲೂಕಿನ ನನ್ನ ಎರಡು ಎಕರೆಯಲ್ಲಿ, ಸೆಪ್ಟೆಂಬರ್ ಕೊನೆಗೆ, ಪರಿಚಯದವರನ್ನೆಲ್ಲ ಕರೆದಿದ್ದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಊಟ. ಬಂದವರು ಸಂತೋಷವಾಗಿ ಉಂಡು ಹೋದರು. ಕಾರು ನಿಲ್ಲಿಸಲು ಜಾಗ ಇಲ್ಲ ಅಂತ ಜೋಳಕ್ಕೆ ಬಿಟ್ಟಿದ್ದ ಹೊಲದ ಅಂಚಿನಲ್ಲಿ ಹನ್ನೊಂದು ಕಾರು ನಿಂತವು, ಸಂಜೆ ಮಳೆ ಬಂತು, ಎಲ್ಲವನ್ನೂ ತಳ್ಳಿ ತಳ್ಳಿ ಹೊರಗೆ ತೆಗೆಯಬೇಕಾಯಿತು. ವಾರದ ನಂತರ ನೋಡಿದರೆ ಚಕ್ರ ಓಡಿದ ಜಾಗ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಕೂರಿಗೆಯ ತಾಳು ಒಳಗೆ ಇಳಿಯಲೇ ಇಲ್ಲ, ಬೀಜ ಮೇಲೇ ಉಳಿಯಿತು, ಹಕ್ಕಿ ತಿಂದವು. ಡಿಸೆಂಬರ್‌ನಲ್ಲಿ ಜೋಳ ಎದೆಯೆತ್ತರ ನಿಂತಾಗ ಆ ಎರಡೆರಡು ಗೆರೆ ಬೋಳಾಗಿ ಕಾಣುತ್ತಿದ್ದವು, ಯಾವ ಕಾರು ಎಲ್ಲಿ ತಿರುಗಿತು ಅಂತ ಹೇಳಬಹುದಿತ್ತು. ತಪ್ಪು ಕರೆದ ನನ್ನದೇ. ಅವತ್ತಿನಿಂದ ಜೋಳ ಬಿತ್ತಿ ಮೊಳಕೆ ಕಾಣುವವರೆಗೆ ಹೊಲಕ್ಕೆ ಯಾವ ಗಾಡಿಯನ್ನೂ ಬಿಡುವುದಿಲ್ಲ.

ಮತ್ತೆ ಗುಡುಗು. ಈ ಮಳೆಯಲ್ಲಿ ಸಿಡಿಲು ಜಾಸ್ತಿ, ಸಂಜೆ ಹೊತ್ತಿಗೇ ಜಾಸ್ತಿ. ಬಯಲಲ್ಲಿ ಜನ ಕೂಡಿಸುವ ಯೋಚನೆ ಇದ್ದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ. ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ ದಾಮಿನಿ ಅಂತ ಒಂದು ಆ್ಯಪ್ ಇದೆ, ಹತ್ತಿರದಲ್ಲಿ ಸಿಡಿಲು ಎಲ್ಲಿ ಬೀಳುತ್ತಿದೆ ಅಂತ ತೋರಿಸುತ್ತದೆ. ನೀವೂ ಹಾಕಿಕೊಳ್ಳಿ, ಹೊಲದಲ್ಲಿರುವವರ ಫೋನಿಗೂ ಹಾಕಿಕೊಡಿ. ಗುಡುಗು ಕೇಳಿಸಿತು ಅಂದರೆ ಮರದ ಕೆಳಗೆ ಅಲ್ಲ, ಪಕ್ಕಾ ಮನೆಯೊಳಗೆ ಅಥವಾ ಕಾರಿನೊಳಗೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ರಾತ್ರಿ ಬೆಂಕಿ ಹಾಕುವುದೂ ಬೇಡ. ಉರಿಸುವುದಕ್ಕೆ ಕೈಗೆ ಸಿಗುವುದು ಸಜ್ಜೆ ದಂಟು, ಅದು ಯಾರದೋ ದನದ ಬಾಯಿಗೆ ಹೋಗಬೇಕಾದ ಮೇವು.

ಸೆಪ್ಟೆಂಬರ್ 23ರಿಂದ ಅಕ್ಟೋಬರ್ ಕೊನೆಯವರೆಗೆ ಐದು ವಾರ ಇಡೀ ಋತು ಬದಲಾಗುವ ಹಬ್ಬವೇ ನಮ್ಮಲ್ಲಿ, ಒಂದೇ ದಿನಕ್ಕೆ ಅದನ್ನು ತುರುಕುವುದು ಯಾಕೆ? ಮಳೆ ನಕ್ಷತ್ರ ನೋಡಿದರೆ ವಿಷುವ ಬರುವುದು ಉತ್ತರಿ ಮಳೆಯಲ್ಲಿ. 27ರ ಸುಮಾರಿಗೆ ಹಸ್ತ ಮಳೆ ಶುರು, ಆಮೇಲೆ ಚಿತ್ತಿ. ಹಸ್ತದ ಹೆಸರಲ್ಲೇ ಪುಣೆಯ ಕಡೆ ಹೆಣ್ಣುಮಕ್ಕಳು ಹಾದಗಾ ಆಡುತ್ತಾರೆ, ಭೋಂಡ್ಲಾ ಅಂತಲೂ ಹೆಸರು. ಮಣೆಯ ಮೇಲೆ ಆನೆ ಬರೆದು ನಡುವೆ ಇಟ್ಟು ಸುತ್ತ ಕೈಹಿಡಿದು ಹಾಡುತ್ತಾ ತಿರುಗುತ್ತಾರೆ, ಕೊನೆಗೆ ಮುಚ್ಚಿಟ್ಟ ತಿಂಡಿ ಏನು ಅಂತ ಊಹಿಸಬೇಕು. ನಿಮ್ಮ ಸೊಸೈಟಿಯ ಮಕ್ಕಳಿಗೆ ಹಬ್ಬ ಬೇಕೇ ಬೇಕು ಅಂದರೆ ಇದನ್ನು ಸೊಸೈಟಿಯ ಅಂಗಳದಲ್ಲೇ ಮಾಡಿಸಿ. ಆನೆಯೇ ಮಳೆ, ಮಳೆಯ ಸುತ್ತ ಕುಣಿಯುವುದು. ಮರಾಠಿ ಅಜ್ಜಿಯರು ಇದ್ದೇ ಇರುತ್ತಾರೆ, ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ.

ಅಕ್ಟೋಬರ್ 10ಕ್ಕೆ ಅಮಾವಾಸ್ಯೆ. ನಮ್ಮಲ್ಲಿ ಎತ್ತಿನ ಹಬ್ಬ ಕಾರ ಹುಣ್ಣಿಮೆಗೆ ಮುಗಿದುಹೋಗಿರುತ್ತದೆ, ಪುಣೆ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಈ ಭಾದ್ರಪದ ಅಮಾವಾಸ್ಯೆಗೇ ಬೈಲ್‌ಪೋಳಾ. ಪಕ್ಕದ ಹೊಲದವರ ಎತ್ತಿಗೆ ಒಂದು ಹೋಳಿಗೆ ತಿನ್ನಿಸಿ ಬನ್ನಿ, ಕುಂಟೆ-ಕೂರಿಗೆಗೆ ನೀವು ಕರೆಯುವುದು ಅವರನ್ನೇ. ಮರುದಿನ ಘಟ. ಹೊಲದ ಮಣ್ಣನ್ನೇ ಒಂದು ಪತ್ರಾವಳಿಯಲ್ಲಿ ಹರಡಿ, ನೀವು ಬೆಳೆಯುವ ಕಾಳುಗಳನ್ನೇ ಬಿತ್ತಿ, ನಡುವೆ ನೀರು ತುಂಬಿದ ಮಡಕೆ ಇಡಿ. ಒಂಬತ್ತು ದಿನ ಮೊಳಕೆ ಏಳುವುದನ್ನು ಮಕ್ಕಳು ದಿನಾ ನೋಡಲಿ. ದಸರೆ ದಿನ ಇಲ್ಲಿಯವರು ಬಂಗಾರ ಅಂತ ಆಪ್ಟಾ ಎಲೆ ಹಂಚುತ್ತಾರೆ, ನಾವು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವೆ. ಆದರೆ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡ್ ಕಡೆ ಆ ವಾರ ಟೊಂಗೆ ಟೊಂಗೆ ಮುರಿದು ತಂದ ಎಲೆಯ ರಾಶಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬದುವಿನ ಮೇಲೆ ಒಂದು ಬನ್ನಿ, ಒಂದು ಆಪ್ಟಾ ಸಸಿ ನೆಡಿ, ನೆಲದಲ್ಲಿ ಹಸಿ ಇರುವಾಗಲೇ.

ಇನ್ನು ಶೀಗಿ ಹುಣ್ಣಿಮೆ, ನಿಮ್ಮ ನಲವತ್ತು ಜನರ ಹಬ್ಬ. 2026ರಲ್ಲಿ ಅಕ್ಟೋಬರ್ 25ರ ರಾತ್ರಿ ಇಲ್ಲಿ ಕೋಜಾಗಿರಿ, ಅದು ಭಾನುವಾರವೇ. ಬಾಗಲಕೋಟೆಯವರಿಗೆ ನಾನು ಹೇಳಬೇಕಾ, ಬಸುರಿ ಬೆಳೆಗೆ ಸೀಮಂತ ಮಾಡುವ ದಿನ ಅದು. ಮಲೆನಾಡಿನಲ್ಲಿ ಇದೇ ದಿನ ಭೂಮಿ ಹುಣ್ಣಿಮೆ, ದೀವರ ಮನೆಗಳಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ಕೊಂಕಣದಲ್ಲಿ ನವಾನ್ನ ಪೌರ್ಣಿಮೆ, ಹೊಸ ಭತ್ತದ ತೆನೆ ಬಾಗಿಲಿಗೆ ಕಟ್ಟುತ್ತಾರೆ. ಒಂದೇ ಹುಣ್ಣಿಮೆ, ಆಯಾ ನೆಲದಲ್ಲಿ ಬೆಳೆ ಯಾವ ಹಂತದಲ್ಲಿದೆಯೋ ಅದನ್ನು ನೋಡಿ ಹಬ್ಬ.

ನಿಮ್ಮ ಹೊಲದಲ್ಲಿ ಆಗ ಬಸುರಿ ಯಾರು? ಹುಣ್ಣಿಮೆ ಈ ಸಲ ತಡ, ಹಾಗಾಗಿ ಸಜ್ಜೆ ಮನೆಗೆ ಬಂದಿರುತ್ತದೆ. ಜೋಳ ಇನ್ನೂ ಕೂಸು, ಅದರ ಚರಗ, ಅಂದರೆ ಹೊಲಕ್ಕೆ ಎಡೆ ಚೆಲ್ಲುವುದು, ಎಳ್ಳ ಅಮಾವಾಸ್ಯೆಗೆ. ಬಸುರಿ ತೊಗರಿ. ಆ ಹೊತ್ತಿಗೆ ಸಾಲಿನೊಳಗೆ ಕೂತು ಒಂದು ಟೊಂಗೆ ಕೈಗೆ ತಗೊಂಡು ನೋಡಿ. ತುದಿಯಲ್ಲಿ ಹೆಸರು ಕಾಳಿನಷ್ಟು ಮೊಗ್ಗು, ಅದರ ಕೆಳಗೆ ಬಿರಿದ ಹಳದಿ ಹೂ, ಕೆಲವು ತಳಿಯಲ್ಲಿ ಹೂವಿನ ಬೆನ್ನಿಗೆ ಕುಂಕುಮದ ಗೆರೆ ಎಳೆದ ಹಾಗೆ ಕೆಂಪು. ಇನ್ನೂ ಕೆಳಗೆ ಹೂ ಉದುರಿದ ಜಾಗದಲ್ಲಿ ಉಗುರಿನಷ್ಟು ಚಪ್ಪಟೆ ಕಾಯಿ, ಬೆಳಕಿಗೆ ಹಿಡಿದರೆ ಒಳಗೆ ಕಾಳು ಕೂತ ಗುರುತು ಸಾಲಾಗಿ ಕಾಣುತ್ತದೆ. ಒಂದೇ ಟೊಂಗೆಯಲ್ಲಿ ಮೂರೂ. ವಿಷುವದ ವಾರದಲ್ಲಿ ಇದೇ ಟೊಂಗೆಗೆ ಮಕ್ಕಳ ಕೈಯಿಂದ ಒಂದು ಕೆಂಪು ದಾರ ಕಟ್ಟಿಸಿ ಬನ್ನಿ, ಆಗ ಅಲ್ಲಿ ಬರೀ ಎಲೆ ಇರುತ್ತದೆ. ತಿಂಗಳ ನಂತರ ಅದೇ ದಾರ ಹುಡುಕಿ ನೋಡಲಿ. ನೆರಳಿನಲ್ಲಿ ಅವರು ಕಂಡ ಮೂರು ಸೆಂಟಿಮೀಟರ್, ದಿನದ ಒಂದು ನಿಮಿಷ ಇಲ್ಲಿ ಹೂವಾಗಿರುತ್ತದೆ.

ಪೂಜೆ ಗೊತ್ತೇ ಇದೆ. ಹೊಲದಿಂದಲೇ ಐದು ಕಲ್ಲು ಆರಿಸಿ, ತೊಳೆದು, ಸುಣ್ಣ ಹಚ್ಚಿ ಪಾಂಡವರು ಅಂತ ಕೂರಿಸಿ. ತೊಗರಿ ಗಿಡಕ್ಕೆ ಹಸಿರು ಖಣ, ಬಳೆ. ಪ್ಲಾಸ್ಟಿಕ್ ಹಾರ ಬೇಡ. ಅಡುಗೆಗೆ ನಿಮ್ಮದೇ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕುಂಬಳಕಾಯಿ ಕಡುಬು, ಮೊಸರನ್ನ. ಎಲ್ಲ ಅಡುಗೆಯಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಒಂದು ಬುಟ್ಟಿಯಲ್ಲಿ ಕಲಸಿ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಬೇಕು. ಒಬ್ಬರು ಮುಂದೆ ಚೆಲ್ಲುತ್ತಾ ಹುಲ್ಲುಲ್ಲಿಗೋ ಅಂದರೆ ಹಿಂದಿನವರು ನೀರು ಚಿಮುಕಿಸುತ್ತಾ ಚಲ್ಲಂಬರಿಗೋ ಅನ್ನುವುದು, ಊರೂರಿಗೆ ಉಚ್ಚಾರ ಬೇರೆ, ನಿಮ್ಮ ಅಮ್ಮನಿಗೆ ಫೋನ್ ಮಾಡಿ ನಿಮ್ಮೂರಿನದು ಕೇಳಿಕೊಳ್ಳಿ. ಮಳೆ ಆಗ ಹೋಗಿರುತ್ತದೆ, ಸಜ್ಜೆ ಕೊಯ್ದ ಜಾಗದಲ್ಲಿ ತೊಗರಿ ಸಾಲುಗಳ ನಡುವೆ ಚಾಪೆ ಹಾಸಬಹುದು. ಕಾರು ಮಾತ್ರ ರಸ್ತೆಯಲ್ಲೇ ನಿಲ್ಲಲಿ. ರಾತ್ರಿ ಇಲ್ಲಿಯ ಪದ್ಧತಿಯಂತೆ ಮಸಾಲೆ ಹಾಲು ಕಾಯಿಸಿ, ಬೆಳದಿಂಗಳಲ್ಲಿ ಕುಡಿಯಿರಿ. ಸೀರಿಯಲ್ ಲೈಟ್ ಬೇಡ ಅನಿಸುವಷ್ಟು ಬೆಳಕು ಇರುತ್ತದೆ. ಹೂ ಬಿಟ್ಟ ತೊಗರಿಗೆ ಕಾಯಿಕೊರಕ ಬರುವ ಕಾಲವೂ ಅದೇ, ಹಾಗಾಗಿ ಮೊದಲೇ ಹಕ್ಕಿ ಕೂರಲು ಅಡ್ಡಕಡ್ಡಿ ಕಟ್ಟಿದ ಕೋಲುಗಳನ್ನು ನೆಡಿಸಿಟ್ಟಿರಿ, ಎಕರೆಗೆ ಇಪ್ಪತ್ತು. ಕಾಜಾಣ ಅದರ ಮೇಲೆ ಕೂತು ಹುಳ ಹೆಕ್ಕುತ್ತದೆ.

ಕೊನೆಯದಾಗಿ, ನೀವು ಕೇಳದೇ ಇದ್ದ ಒಂದು ವಿಷಯ. ಜತ್‌ನಿಂದ ಬಂದ ಆ ಗಂಡ-ಹೆಂಡತಿಗೂ ಇದು ಹಬ್ಬ, ಅವರ ಊರಲ್ಲೂ ಚರಗ ಚೆಲ್ಲುತ್ತಾರೆ. ಅವತ್ತು ನಲವತ್ತು ಜನರ ರೊಟ್ಟಿ ಬಡಿಯುವ ಕೆಲಸ ಆ ತಾಯಿಯ ತಲೆಗೆ ಹಾಕಬೇಡಿ. ಅಡುಗೆಯನ್ನು ಮನೆಮನೆಯಿಂದ ಹಂಚಿಕೊಂಡು ತನ್ನಿ. ಮುಂಗಾರಿನಿಂದ ಆ ಹೊಲದ ಕಳೆ ತೆಗೆದದ್ದು ಅವರ ಕೈ, ಹಾಗಾಗಿ ಚರಗದ ಬುಟ್ಟಿ ಮೊದಲು ಅವರೇ ಹಿಡಿಯಲಿ, ನೀವು ನೀರಿನ ತಂಬಿಗೆ ಹಿಡಿದು ಹಿಂದೆ ನಡೆಯಿರಿ. ಅವತ್ತಿನ ಕೂಲಿಯನ್ನೂ ಕೊಡಿ, ಹಬ್ಬದ ಸೀರೆ ಬೇರೆ. ವೈನಿ, ನಮ್ಮೂರಾಗ ಹಿಂಗಲ್ಲ ಅಂತ ಅವರು ಏನಾದರೂ ತಿದ್ದಿದರೆ ಅದರಂತೆ ಮಾಡಿ, ಆಮೇಲೆ ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.